ಅಂಗಡಿ ಲೆಕ್ಕದ ಸಾಫ್ಟ್‌ವೇರ್ ನಾವೇ ಕಟ್ಟಿಕೊಳ್ಳಬಹುದೇ? ಸೋರ್ಸ್ ಕೋಡ್ ಎಂದರೇನು, ಯಾರಿಗೆ ಬೇಕು?

ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ಕೂಡಲೇ ‘ಲೆಕ್ಕದ ಸಾಫ್ಟ್‌ವೇರ್ ಫುಲ್ ವರ್ಷನ್ ಹಾಕಿಕೊಡ್ತೀನಿ, ದುಡ್ಡು ಬೇಡ’ ಎನ್ನುವವರು ಸಿಗುತ್ತಾರೆ. ಪೆನ್‌ಡ್ರೈವ್‌ನಲ್ಲಿ ಬರುವ ಇಂಥ ಕ್ರ್ಯಾಕ್ ಪ್ರತಿ ಕಾನೂನಿಗೆ ವಿರುದ್ಧ. ಅದರ ಜೊತೆ ಇನ್ನೇನು ಒಳಗೆ ಬಂತು ಎಂಬುದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ. ವೈರಸ್ ಹೊಕ್ಕು ಫೈಲುಗಳು ಲಾಕ್ ಆದರೆ ಯಾರು ಎಷ್ಟು ಉದ್ರಿ, ಯಾರಿಗೆ ಎಷ್ಟು ಕೊಡಬೇಕು ಎಂಬ ವರ್ಷಗಳ ಲೆಕ್ಕ ಒಂದೇ ದಿನದಲ್ಲಿ ಕೈತಪ್ಪುತ್ತದೆ.

ದುಡ್ಡು ಕೊಡದೆ, ಕಳ್ಳದಾರಿಯನ್ನೂ ಹಿಡಿಯದೆ ಲೆಕ್ಕ ಇಡಲು ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಿವೆ. ಅವುಗಳಲ್ಲಿ ಹಳೆಯದೊಂದು ಗ್ನೂಕ್ಯಾಶ್. ಇದರ 1.0 ಆವೃತ್ತಿ ಬಂದದ್ದು 1998ರಲ್ಲಿ. ಜಮಾ–ಖರ್ಚನ್ನು ಡಬಲ್ ಎಂಟ್ರಿ ಪದ್ಧತಿಯಲ್ಲಿ ಇಡುತ್ತದೆ, ಗಿರಾಕಿಗಳ ಮತ್ತು ಸರಬರಾಜುದಾರರ ಬಾಕಿ ತೋರಿಸುತ್ತದೆ. ಆದರೆ ಜಿಎಸ್‌ಟಿ ಪೋರ್ಟಲ್‌ಗೆ ನೇರವಾಗಿ ರಿಟರ್ನ್ ಕಳಿಸುವ ವ್ಯವಸ್ಥೆಯಾಗಲಿ, ಗೋದಾಮಿನ ಸ್ಟಾಕ್ ನೋಡಿಕೊಳ್ಳುವ ವ್ಯವಸ್ಥೆಯಾಗಲಿ ಇದರಲ್ಲಿ ಇಲ್ಲ. ಇದನ್ನು ಮೊದಲೇ ತಿಳಿದಿರಬೇಕು.

ಕಂಪೈಲ್ ಎಂದರೆ ಏನು?

ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ. ಬೇಕಾದವರು ಗೋಧಿ ಕೊಂಡು, ಹಸನು ಮಾಡಿ, ಗಿರಣಿಗೆ ಒಯ್ದು ಬೀಸಿಸುತ್ತಾರೆ. ಸಾಫ್ಟ್‌ವೇರ್‌ನಲ್ಲೂ ಹಾಗೆಯೇ. ಪ್ರೋಗ್ರಾಮರ್‌ಗಳು ಬರೆದದ್ದು ಸೋರ್ಸ್ ಕೋಡ್. ಅದನ್ನು ಮನುಷ್ಯರು ಓದಬಹುದು, ಕಂಪ್ಯೂಟರ್ ನೇರವಾಗಿ ನಡೆಸಲಾರದು. ಕಂಪೈಲರ್ ಎಂಬ ಗಿರಣಿಗೆ ಹಾಕಿದಾಗ ಅದು ಕಂಪ್ಯೂಟರ್‌ಗೆ ಅರ್ಥವಾಗುವ ರೂಪಕ್ಕೆ ಬರುತ್ತದೆ. ಗ್ನೂಕ್ಯಾಶ್‌ನ ಕೋಡ್ ಹೆಚ್ಚಾಗಿ ಸಿ, ಸಿ++ ಮತ್ತು ಸ್ಕೀಮ್ ಭಾಷೆಗಳಲ್ಲಿದೆ. ಜಿಪಿಎಲ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು.

ಎಲ್ಲರಿಗೂ ಬೇಕಾ?

ಬೇಡ. ವಿಂಡೋಸ್ ಇದ್ದವರು ಗ್ನೂಕ್ಯಾಶ್‌ನ ಅಧಿಕೃತ ತಾಣದಿಂದ ಸಿದ್ಧ ಸೆಟಪ್ ಫೈಲ್ ಇಳಿಸಿಕೊಂಡರೆ ಸಾಕು. ವಿಂಡೋಸ್‌ನಲ್ಲಿ ಕೋಡ್‌ನಿಂದ ಕಟ್ಟುವುದು ತಲೆನೋವಿನ ಕೆಲಸ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಇದ್ದವರಿಗೆ ಅದರದೇ ಸಾಫ್ಟ್‌ವೇರ್ ಭಂಡಾರದಲ್ಲಿ ಸಿಗುತ್ತದೆ. ಕಂಪೈಲ್ ಮಾಡುವ ಅಗತ್ಯ ಬೀಳುವುದು ಮೂರು ಸಂದರ್ಭಗಳಲ್ಲಿ:

• ಭಂಡಾರದಲ್ಲಿರುವುದು ಹಳೆಯ ಆವೃತ್ತಿ, ನಿಮಗೆ ತೊಂದರೆ ಕೊಡುತ್ತಿರುವ ದೋಷ ಹೊಸದರಲ್ಲಿ ಸರಿಯಾಗಿದೆ ಎಂದಾಗ.
• ಏನಾದರೂ ಬದಲಿಸಬೇಕೆಂದಾಗ. ಉದಾಹರಣೆಗೆ, ಕನ್ನಡ ಅನುವಾದದ ಫೈಲ್ ಕೋಡ್‌ನ ಜೊತೆಗೇ ಇದೆ. ಸರಿಯಿಲ್ಲದ ಪದ ತಿದ್ದಿ ಮತ್ತೆ ಕಟ್ಟಿದರೆ ಪರದೆ ಮೇಲೆ ನಿಮ್ಮ ಪದವೇ ಕಾಣುತ್ತದೆ.
• ಅಂಗಡಿಯಲ್ಲಿ ಓಡುತ್ತಿರುವುದು ಪ್ರಕಟವಾದ ಕೋಡ್‌ನಿಂದಲೇ ಆದದ್ದು ಎಂಬ ಖಾತ್ರಿ ಬೇಕೆಂದಾಗ.

ಲಿನಕ್ಸ್‌ನಲ್ಲಿ ಮಾಡುವ ಕ್ರಮ

1. ಮೊದಲು ಲೆಕ್ಕದ ಫೈಲನ್ನು ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ಫೈಲ್ ಕೆಲವೊಮ್ಮೆ ಹಳೆಯದರಲ್ಲಿ ತೆರೆಯದೇ ಹೋಗಬಹುದು.

2. ಕೋಡ್‌ನ ಕಂತೆಯನ್ನು ಅಧಿಕೃತ ತಾಣದಿಂದಲೇ ಇಳಿಸಿ. ಅದರ ಜೊತೆ 64 ಅಕ್ಷರ–ಅಂಕಿಗಳ ಶಾ-256 ಮೊತ್ತವನ್ನೂ ಕೊಟ್ಟಿರುತ್ತಾರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ ಮೊತ್ತ ಅದಕ್ಕೆ ತಾಳೆಯಾಗಬೇಕು. ಒಂದಕ್ಷರ ವ್ಯತ್ಯಾಸವಿದ್ದರೂ ಆ ಕಂತೆ ಬಳಸಬೇಡಿ.

3. ಕಟ್ಟಲು ಬೇಕಾದ ಸಾಮಾನು ತರಿಸಿಕೊಳ್ಳಿ: ಕಂಪೈಲರ್, ಸಿಮೇಕ್, ಬೂಸ್ಟ್, ಜಿಟಿಕೆ, ಗೈಲ್ ಮುಂತಾದವು. ಉಬುಂಟು, ಡೆಬಿಯನ್‌ನಲ್ಲಿ ಸೋರ್ಸ್ ಕೋಡ್ ಆಯ್ಕೆ ಆನ್ ಮಾಡಿ ‘ಆಪ್ಟ್ ಬಿಲ್ಡ್-ಡೆಪ್ ಗ್ನೂಕ್ಯಾಶ್’ ಎಂಬ ಆದೇಶ ಕೊಟ್ಟರೆ ಬಹುತೇಕ ಎಲ್ಲ ಬಂದುಬಿಡುತ್ತವೆ.

4. ಕಂತೆ ಬಿಚ್ಚಿ, ಕಟ್ಟುವ ಕೆಲಸಕ್ಕೆ ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿ. ಅಲ್ಲಿಂದ ‘ಸಿಮೇಕ್’ ಓಡಿಸಿ. ಎಲ್ಲ ಸಾಮಾನು ಇದೆಯೇ ಎಂದು ಅದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಯಾವುದು ಸಿಗಲಿಲ್ಲ ಎಂದು ಹೆಸರು ಹೇಳಿ ನಿಲ್ಲುತ್ತದೆ. ಗಾಬರಿ ಬೇಡ, ಆ ಹೆಸರಿನ, ‘ಡೆವ್’ ಎಂದು ಕೊನೆಯಾಗುವ ಪ್ಯಾಕೇಜ್ ಹಾಕಿ ಮತ್ತೆ ಓಡಿಸಿ.

5. ‘ಮೇಕ್’ ಎಂದರೆ ಬೀಸುವ ಕೆಲಸ ಶುರು. ಹಳೆಯ ಸಿಸ್ಟಂ ಆದರೆ ಹೊತ್ತು ಹಿಡಿಯುತ್ತದೆ. ಆಮೇಲೆ ‘ಮೇಕ್ ಚೆಕ್’ ಕೊಟ್ಟರೆ, ಗ್ನೂಕ್ಯಾಶ್ ತಂಡದವರು ಬರೆದ ಪರೀಕ್ಷೆಗಳೆಲ್ಲ ನಡೆಯುತ್ತವೆ. ದುಡ್ಡಿನ ಲೆಕ್ಕದ ವಿಷಯವಾದ್ದರಿಂದ ಈ ಹಂತ ಬಿಡಬಾರದು.

6. ಕೊನೆಗೆ ‘ಮೇಕ್ ಇನ್‌ಸ್ಟಾಲ್’. ಸಿಮೇಕ್ ಹಂತದಲ್ಲೇ ನಿಮ್ಮ ಹೋಮ್ ಫೋಲ್ಡರ್‌ನ ಒಳಗಿನ ಜಾಗ ತೋರಿಸಿದ್ದರೆ ಅಡ್ಮಿನ್ ಅಧಿಕಾರ ಬೇಕಿಲ್ಲ, ಭಂಡಾರದಿಂದ ಹಾಕಿದ ಹಳೆಯ ಪ್ರತಿಗೂ ಧಕ್ಕೆಯಿಲ್ಲ.

ನಡುವೆ ಕರೆಂಟ್ ಹೋದರೆ?

ಎಲ್ಲ ಮೊದಲಿಂದ ಮಾಡಬೇಕಿಲ್ಲ. ಯಾವ ಫೈಲ್ ಮುಗಿದಿದೆ, ಯಾವುದು ಬಾಕಿ ಎಂದು ಮೇಕ್ ಸಮಯ ನೋಡಿ ಲೆಕ್ಕ ಹಾಕುತ್ತದೆ. ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಅರ್ಧಂಬರ್ಧ ಉಳಿದು ವಿಚಿತ್ರ ದೋಷ ತೋರಿಸಿದರೆ ಮಾತ್ರ ಕಟ್ಟುವ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಿ. ಮೂಲ ಕೋಡ್ ಬೇರೆ ಕಡೆ ಇರುವುದರಿಂದ ಅದಕ್ಕೇನೂ ಆಗುವುದಿಲ್ಲ.

ಇದು ನೆನಪಿರಲಿ

ಕೈಯಾರೆ ಕಟ್ಟಿದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಎಂದಲ್ಲ. ಇಡೀ ಕೋಡನ್ನು ಅಂಗಡಿಯವರು ಓದಲು ಸಾಧ್ಯವಿಲ್ಲ. ಆದರೆ ಅದು ಎಲ್ಲರ ಕಣ್ಣ ಮುಂದಿದೆ, ತಿಳಿದವರು ನೋಡಬಹುದು, ತಪ್ಪು ಸಿಕ್ಕರೆ ತಿದ್ದಬಹುದು. ಕ್ರ್ಯಾಕ್ ಪ್ರತಿಯಲ್ಲಿ ಆ ದಾರಿಯೇ ಇಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಒಂದು ಭಾನುವಾರ ಕೂರಿಸಿಕೊಂಡು ಮಾಡಿಸಬಹುದಾದ ಕೆಲಸ ಇದು.

ನೀವೇ ಕಟ್ಟಿದ ಪ್ರತಿಗೆ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ, ನೀವೇ ನೋಡಿಕೊಂಡು ಮತ್ತೆ ಕಟ್ಟಬೇಕು. ಗ್ನೂಕ್ಯಾಶ್ ಸಾಮಾನ್ಯವಾಗಿ ಹಳೆಯ ಬ್ಯಾಕಪ್‌ಗಳನ್ನು 30 ದಿನ ಇಟ್ಟುಕೊಳ್ಳುತ್ತದೆ, ಆದರೆ ಅವು ಇರುವುದು ಅದೇ ಕಂಪ್ಯೂಟರ್‌ನಲ್ಲಿ. ಹಾರ್ಡ್‌ಡಿಸ್ಕ್ ಕೆಟ್ಟರೆ ಅವೂ ಹೋದಂತೆ. ಹಾಗಾಗಿ ವಾರಕ್ಕೊಮ್ಮೆ ಲೆಕ್ಕದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಅದನ್ನು ಅಂಗಡಿಯಲ್ಲಿ ಬಿಡದೆ ಮನೆಯಲ್ಲಿಡಿ.