ಸೀಟಿನ ಋಣ, ಹಳ್ಳಿಯ ಹಕ್ಕು

ಸರ್ಕಾರಿ ಕಾಲೇಜಿನ ವೈದ್ಯ ವಿದ್ಯಾರ್ಥಿ ಕಟ್ಟುವ ಶುಲ್ಕ ನಿಜವಾದ ವೆಚ್ಚದ ಒಂದು ಪಾಲು ಮಾತ್ರ. ಉಳಿದದ್ದು ಜನರ ತೆರಿಗೆ ಹಣ. ಬೆಂಕಿಪೊಟ್ಟಣ ಕೊಳ್ಳುವ ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತನೂ ಆ ತೆರಿಗೆದಾರನೇ.

ಈ ಋಣದ ಲೆಕ್ಕಾಚಾರದಿಂದಲೇ ವೈದ್ಯ ಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯಗೊಳಿಸುವ ಕಾಯ್ದೆಯನ್ನು ರಾಜ್ಯ 2012ರಲ್ಲಿ ರೂಪಿಸಿ, 2015ರಲ್ಲಿ ಜಾರಿಗೆ ತಂದಿತು. ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಹಳ್ಳಿಯ ಆರೋಗ್ಯ ಕೇಂದ್ರ. ತಪ್ಪಿಸಿಕೊಂಡರೆ ಲಕ್ಷಗಟ್ಟಲೆ ದಂಡ. ಇಂಥ ಬಾಂಡ್ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. 2023ರ ತಿದ್ದುಪಡಿಯಂತೆ, ಖಾಲಿ ಹುದ್ದೆಗಳಿದ್ದಷ್ಟು ಮಂದಿಗೆ ಮಾತ್ರ ಸೇವೆ.

ಆದರೆ ವರ್ಷಕ್ಕೊಬ್ಬ ವೈದ್ಯರು ಬಂದುಹೋದರೆ, ಸಕ್ಕರೆ ಕಾಯಿಲೆಯ ರೋಗಿ ಪ್ರತಿ ಬಾರಿ ಮೊದಲಿನಿಂದ ಎಲ್ಲ ಹೇಳಬೇಕು. ಹಳ್ಳಿಗೆ ಬೇಕಾದವರು ಋಣ ತೀರಿಸಿ ಹೊರಡುವವರಲ್ಲ, ನೆಲೆ ನಿಲ್ಲುವವರು. ಅದಕ್ಕೆ ದಂಡದ ಭಯವಷ್ಟೇ ಸಾಲದು. ವಸತಿ, ಔಷಧಿ, ಕಾಯಂ ಹುದ್ದೆ ಬೇಕು.