ಲಂಬಸಿಂಗಿಯ ಚಳಿಗೆ ಸ್ವೆಟರ್ ಸಾಕೆ?

ಪ್ರಶ್ನೆ: ವಿಜಯವಾಡದವನಾದ ನಾನು ಡಿಸೆಂಬರಿನಲ್ಲಿ ವಿಶಾಖಪಟ್ಟಣದಿಂದ ಲಂಬಸಿಂಗಿಗೆ ಬೈಕಿನಲ್ಲಿ ಹೋಗಬೇಕೆಂದಿದ್ದೇನೆ. ಸ್ವೆಟರ್ ಒಂದೇ ಸಾಕೆ?

ಉತ್ತರ: ಸಾಲದು. ಕೃಷ್ಣಾತೀರದ ಚಳಿಗಾಲವು ಹೆಸರಿಗಷ್ಟೇ ಚಳಿಗಾಲವಾದುದರಿಂದ ತಮ್ಮ ಸಂದೇಹ ಸಹಜವೇ. ಆದರೆ ಸುಮಾರು 1000 ಮೀಟರ್ ಎತ್ತರದ ಲಂಬಸಿಂಗಿಯಲ್ಲಿ ಪ್ರಾತಃಕಾಲದ ಉಷ್ಣತೆ 5 ಡಿಗ್ರಿಗಿಳಿದಾಗ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನ ತೆರೆದ ಚರ್ಮಕ್ಕೆ ಅದು ಶೂನ್ಯಕ್ಕಿಂತಲೂ ಕೆಳಗಿನ ಶೈತ್ಯವಾಗಿ ತಟ್ಟುತ್ತದೆ. ಉಣ್ಣೆಯ ಹೆಣಿಗೆಯ ರಂಧ್ರಗಳಲ್ಲಿ ಗಾಳಿ ನಿರಾತಂಕವಾಗಿ ನುಸುಳುವುದರಿಂದ ಸ್ವೆಟರಿನ ಮೇಲೆ ಮಳೆಕೋಟನ್ನಾದರೂ ಧರಿಸತಕ್ಕದ್ದು. ಹಳೆಯ ದಿನಪತ್ರಿಕೆಯನ್ನು ಎದೆಗೆ ಹಾಸಿ ಗುಂಡಿ ಹಾಕಿಕೊಳ್ಳುವ ಬಡವರ ಉಪಾಯವನ್ನು ನಾನಂತೂ ಹಗುರವಾಗಿ ಕಾಣಲಾರೆ. ಮೊದಲು ಸೋಲುವುವು ಬೆರಳುಗಳು. ಮರಗಟ್ಟಿದ ಕೈಗೆ ಬ್ರೇಕು ವಶವಾಗದು, ಆದುದರಿಂದ ಗ್ಲೌಸು ಅನಿವಾರ್ಯ. ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಬ್ಬಾದರೆ ಒಂದು ಬೆರಳಿನಷ್ಟು ಎತ್ತಿರಿ. ಘಟ್ಟದ ಮಂಜಿನಲ್ಲಿ ಹೆಡ್‌ಲೈಟನ್ನು ಡಿಮ್ಮಿನಲ್ಲಿಯೇ ಇಟ್ಟುಕೊಳ್ಳಿ.