ರಾವೆನ್ಸ್‌ಬ್ರೂಕ್ ಶಿಬಿರದ ಸ್ತ್ರೀಯರು ಕಾಪಾಡಿದ ಸಾಕ್ಷ್ಯ

ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿಯೆಂದು ವೈಯಾಕರಣರು ಆ ಶಬ್ದವನ್ನು ಸಾಧಿಸಿರುವರು. ಕಂಡವರನ್ನು ಕೊಂದು, ಬರೆದುದನ್ನು ಸುಟ್ಟಮೇಲೆ ಸಾಕ್ಷ್ಯವು ಉಳಿಯುವ ಬಗೆ ಹೇಗೆ? ಜರ್ಮನಿಯ ನಾಜೀ ಪ್ರಭುತ್ವವು ಸ್ತ್ರೀಯರಿಗೆಂದೇ ಕಟ್ಟಿಸಿದ ರಾವೆನ್ಸ್‌ಬ್ರೂಕ್ ಬಂದೀಶಿಬಿರದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿರುವುದು.

ಈ ಶಿಬಿರವು ಬರ್ಲಿನ್ ನಗರಕ್ಕೆ ಉತ್ತರದಲ್ಲಿ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಒಂದು ಸರೋವರದ ದಡದಲ್ಲಿದ್ದಿತು. 1939ನೆಯ ಮೇ ತಿಂಗಳು ಮೊದಲ್ಗೊಂಡು 1945ನೆಯ ಏಪ್ರಿಲ್‌ವರೆಗೆ 1,20,000ದಷ್ಟು ಸ್ತ್ರೀಯರೂ ಮಕ್ಕಳೂ ಇಲ್ಲಿ ಸೆರೆಯಲ್ಲಿದ್ದರು. ರಾಜಕೀಯ ವಿರೋಧಿಗಳು, ಯೆಹೂದ್ಯರು, ರೋಮಾ ಮತ್ತು ಸಿಂಟಿ ಜನರು, ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತಪಂಥದವರು ಇವರಲ್ಲಿ ಸೇರಿದ್ದರು. ಹೆಸರಿನ ಸ್ಥಾನದಲ್ಲಿ ಅಂಕಿ. ಯಾವ ವರ್ಗದವರೆಂಬುದಕ್ಕೆ ಉಡುಪಿನ ಮೇಲೆ ಹೊಲಿದ ಬಣ್ಣದ ತ್ರಿಕೋಣ. ಸಮವಸ್ತ್ರಗಳನ್ನು ಹೊಲಿಯುವುದು, ಸೀಮೆನ್ಸ್ ಸಂಸ್ಥೆಯ ಕಾರ್ಖಾನೆಯಲ್ಲಿ ದುಡಿಯುವುದು ಮೊದಲಾದುವು ಅವರ ಪಾಲಿನ ಕೆಲಸಗಳು.

1942ನೆಯ ಆಗಸ್ಟಿನಿಂದ ಕಾರ್ಲ್ ಗೆಬ್‌ಹಾರ್ಟ್ ಎಂಬ ಶಸ್ತ್ರವೈದ್ಯನ ನೇತೃತ್ವದಲ್ಲಿ 74 ಮಂದಿ ಪೋಲಿಷ್ ಸ್ತ್ರೀಯರ ಕಾಲುಗಳನ್ನು ಕೊಯ್ದು, ಗಾಯಗಳಲ್ಲಿ ರೋಗಾಣುಗಳನ್ನಿಟ್ಟು ಔಷಧಪರೀಕ್ಷೆ ನಡೆಸಿದರು. ಮೂಳೆಗಳನ್ನೂ ಸ್ನಾಯುಗಳನ್ನೂ ಕತ್ತರಿಸಿದರು. ಶಿಬಿರದಲ್ಲಿ ಇವರಿಗೆ 'ಮೊಲಗಳು' ಎಂದು ಹೆಸರಾಯಿತು. ಕೆಲವರು ಸತ್ತರು. ಬದುಕಿದವರ ಕಾಲುಗಳೇ ಅಪರಾಧದ ಲೇಖ್ಯಗಳಾಗಿ ಉಳಿದುವು.

ಈ ಸಂಗತಿಯನ್ನು ಹೊರಗೆ ತಿಳಿಸಲು ಅವರಲ್ಲಿ ಕೆಲವರು 1943ರಲ್ಲಿ ಒಂದು ಉಪಾಯವನ್ನು ಕಂಡುಕೊಂಡರು. ಮನೆಗೆ ಬರೆಯಲು ಅನುಮತಿಯಿದ್ದ ಕಾಗದದಲ್ಲಿ, ಕಾಣುವ ಸಾಲುಗಳ ನಡುವೆ ಮೂತ್ರದಿಂದ ಬರೆದರು. ಬಿಸಿ ತಗುಲಿದರೆ ಆ ಅಕ್ಷರಗಳು ಮೂಡುವುವು. ಲುಬ್ಲಿನ್ ನಗರದಲ್ಲಿದ್ದ ಬಂಧುಗಳು ಸೂಚನೆಯನ್ನರಿತು ಓದಿದರು; ಸುದ್ದಿಯು ಪೋಲೆಂಡಿನ ಗುಪ್ತ ಪ್ರತಿರೋಧಸಂಘವನ್ನು ಮುಟ್ಟಿತು.

1943ನೆಯ ಅಕ್ಟೋಬರಿನಲ್ಲಿ ಶಿಬಿರಕ್ಕೆ ತರಲ್ಪಟ್ಟ ಫ್ರೆಂಚ್ ಜನಾಂಗಶಾಸ್ತ್ರಜ್ಞೆ ಜರ್ಮೇನ್ ತಿಯೋನ್ ಶಿಬಿರವನ್ನೇ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಳು. ಸೆರೆಯಾಳುಗಳ ದುಡಿಮೆಯಿಂದ ಯಾರಿಗೆ ಎಷ್ಟು ಲಾಭವೆಂಬುದನ್ನು ಲೆಕ್ಕಹಾಕಿ ಜೊತೆಯವರಿಗೆ ವಿವರಿಸಿದಳು. ಅಧಿಕಾರಿಗಳ ಹೆಸರುಗಳನ್ನು ಅಡಿಗೆಯ ಕ್ರಮಗಳಂತೆ ಬರೆದು ಮರೆಮಾಡಿದಳು. ಅವಳ ತಾಯಿಯನ್ನು ಅದೇ ಶಿಬಿರದಲ್ಲಿ 1945ನೆಯ ಮಾರ್ಚಿಯಲ್ಲಿ ಕೊಂದರು. ಏಪ್ರಿಲಿನಲ್ಲಿ ಸ್ವೀಡನ್ನಿನ ರೆಡ್‌ಕ್ರಾಸ್ ಸಂಸ್ಥೆಯವರು ಬಿಡಿಸಿದಾಗ, 'ಮೊಲ'ಗಳ ಕಾಲುಗಳನ್ನು ರಹಸ್ಯವಾಗಿ ತೆಗೆದಿದ್ದ ಛಾಯಾಚಿತ್ರದ ಸುರುಳಿಯನ್ನು ತಿಯೋನ್ ಅಡಗಿಸಿಕೊಂಡು ಹೊರತಂದಳು.

ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, 'ಮೊಲ'ಗಳನ್ನು ಕೊಲ್ಲುವರೆಂದು ತಿಳಿದುಬಂದಿತ್ತು. ಆಗ ನಾನಾ ದೇಶಗಳ ಸೆರೆಯಾಳುಗಳು ಅವರನ್ನು ಬಚ್ಚಿಟ್ಟರು. ಸತ್ತವರ ಅಂಕಿಗಳನ್ನು ಕೊಟ್ಟು ಗುರುತನ್ನು ಮರೆಸಿದರು. ಹಾಜರಿಯ ವೇಳೆ ದೀಪಗಳನ್ನು ಆರಿಸಿ ಗೊಂದಲವೆಬ್ಬಿಸಿದರು. ಹೀಗೆ ರಕ್ಷಿಸಲ್ಪಟ್ಟವರಲ್ಲಿ ಹೆಚ್ಚಿನವರು ಬದುಕಿಕೊಂಡರು. ಕಾವಲುಗಾರರು ಶಿಬಿರದ ಕಡತಗಳನ್ನು ಸುಟ್ಟುಹಾಕಿದ್ದರೂ, ಏಪ್ರಿಲ್ 30ರಂದು ಸೋವಿಯತ್ ಸೈನ್ಯವು ಬಂದಾಗ ಸಾಕ್ಷ್ಯವು ನಾಶವಾಗಿರಲಿಲ್ಲ.

1946ನೆಯ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನ ವೈದ್ಯರ ವಿಚಾರಣೆಯಲ್ಲಿ ಇವರಲ್ಲಿ ನಾಲ್ವರು ನ್ಯಾಯಾಧಿಪತಿಗಳ ಮುಂದೆ ನಿಂತು ಕಾಲಿನ ಕಲೆಗಳನ್ನು ತೋರಿಸಿದರು. ಗೆಬ್‌ಹಾರ್ಟನನ್ನು 1948ನೆಯ ಜೂನ್ 2ರಂದು ಗಲ್ಲಿಗೇರಿಸಲಾಯಿತು. ಅವನ ಸಹಾಯಕಿಯಾಗಿದ್ದ ವೈದ್ಯೆ ಹೆರ್ಟಾ ಓಬರ್‌ಹಾಯ್ಸರಳಿಗೆ 20 ವರ್ಷಗಳ ಸೆರೆಯು ವಿಧಿಸಲ್ಪಟ್ಟಿತು. ಆದರೆ 1952ರಲ್ಲಿಯೇ ಬಿಡುಗಡೆ ಹೊಂದಿ ಅವಳು ಮರಳಿ ವೈದ್ಯವೃತ್ತಿಗೆ ತೊಡಗಿದಳು. ಬದುಕಿ ಉಳಿದ ಸ್ತ್ರೀಯರು ಆಗಲೂ ಸುಮ್ಮನಿರಲಿಲ್ಲ. ಒಬ್ಬಳು ಅವಳನ್ನು ಗುರುತಿಸಿದುದರಿಂದ ವಿಷಯವು ಹೊರಬಿದ್ದು, 1958ರಲ್ಲಿ ಅವಳ ವೈದ್ಯಾನುಮತಿಯು ರದ್ದಾಯಿತು.